ಒಂದು ಮಾತು ನಾಲ್ಕು ಕೈ ದಾಟಿ ಬಂದ ಬಗೆ

ಮಗಳ ಶಾಲಾಪುಸ್ತಕದಲ್ಲಿ ಜೇಮ್ಸ್ ಕ್ಲಾವೆಲ್ ಅವರ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: 1600ರಲ್ಲಿ ಇಂಗ್ಲಿಷಿನವನೊಬ್ಬ ಜಪಾನಿಗೆ ಹೋಗಿ ಸಮುರಾಯ್ ಆದ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ ಸಿಂಗಪುರದ ಚಾಂಗಿಯಲ್ಲಿ ದಿನ ನೂಕಿದ್ದವರು ಕ್ಲಾವೆಲ್. ಅದೇ ಜನರ ಚರಿತ್ರೆಗೆ ಮನಸೋತು ಅವರು ಬರೆದ ದಪ್ಪನೆಯ ಕಾದಂಬರಿ ‘ಶೋಗನ್’ 1975ರಲ್ಲಿ ಬಂತು.

ಆ ಇಂಗ್ಲಿಷಿನವನ ಹೆಸರು ವಿಲಿಯಂ ಆಡಮ್ಸ್. ಅವನಿದ್ದ ಡಚ್ ಹಡಗು ‘ಲೀಫ್ದೆ’ ಕ್ಯೂಶು ದ್ವೀಪದ ದಡ ಸೇರಿದಾಗ ಹಡಗಿನಲ್ಲಿ ಜೀವ ಉಳಿಸಿಕೊಂಡಿದ್ದವರು ಇಪ್ಪತ್ತು ಚಿಲ್ಲರೆ ಮಂದಿ. ಅವನನ್ನು ಹತ್ತಿರ ಇಟ್ಟುಕೊಂಡ ತೊಕುಗಾವ ಇಎಯಾಸು ಅದೇ ವರ್ಷ ಸೆಕಿಗಹಾರಾ ಕದನ ಗೆದ್ದು, 1603ರಲ್ಲಿ ಶೋಗನ್, ಅಂದರೆ ದೇಶವಾಳುವ ಸೇನಾಧಿಪತಿ, ಆದ. ಕಾದಂಬರಿಯಲ್ಲಿ ಇವರೇ ಬ್ಲಾಕ್‌ಥಾರ್ನ್ ಮತ್ತು ತೊರಾನಾಗ.

1980ರಲ್ಲಿ ಅಮೆರಿಕದ ಎನ್‌ಬಿಸಿ ಇದನ್ನು ಕಿರುತೆರೆಗೆ ತಂದಾಗ ಜಪಾನಿ ಮಾತುಗಳಿಗೆ ಅಡಿಬರಹವನ್ನೇ ಹಾಕಲಿಲ್ಲ. ಪರದೇಶಿ ನಾವಿಕನ ಗಲಿಬಿಲಿ ನೋಡುಗರದೂ ಆಗಲಿ ಎಂಬ ಉದ್ದೇಶ. ಉಪಾಯವೇನೋ ಚೆನ್ನ. ಆದರೆ ತೊರಾನಾಗ ಆಗಿದ್ದವರು ತೊಶಿರೊ ಮಿಫುನೆ! ಅಂಥ ಮಹಾನಟ ಆಡಿದ ಮಾತು ಬಹುಪಾಲು ಪ್ರೇಕ್ಷಕರಿಗೆ ಬರೀ ಸದ್ದಾಗಿ ಉಳಿಯಿತು. ಈ ನಷ್ಟ ಸಣ್ಣದಲ್ಲ.

2024ರ ಹತ್ತು ಕಂತುಗಳ ‘ಶೋಗನ್’ ಸರಿಪಡಿಸಿದ್ದು ಇದನ್ನೇ. ಇಲ್ಲಿ ಬಹುಪಾಲು ಮಾತು ಜಪಾನಿಯಲ್ಲೇ ಇದೆ. ಇಂಗ್ಲಿಷಿನಲ್ಲಿ ಬರೆದ ಸಂಭಾಷಣೆಯನ್ನು ಜಪಾನಿಗೆ ತಿರುಗಿಸಿದರು; ಐತಿಹಾಸಿಕ ನಾಟಕದ ಭಾಷೆ ಬಲ್ಲವರು ಅದನ್ನು ಹಳೆಯ ಕಾಲದ ಧಾಟಿಗೆ ತಿದ್ದಿದರು; ನಟರು ಅದಕ್ಕೆ ಉಸಿರು ಕೊಟ್ಟರು; ಕೊನೆಗೆ ಅದನ್ನೇ ಮತ್ತೆ ಇಂಗ್ಲಿಷಿಗೆ ತಂದು ಅಡಿಬರಹ ಮಾಡಿದರು. ತೊರಾನಾಗನಾಗಿ ನಟಿಸಿದ ಹಿರೊಯುಕಿ ಸನದಾ ಅವರೇ ನಿರ್ಮಾಪಕರಲ್ಲೊಬ್ಬರು. ಚಿತ್ರೀಕರಣ ನಡೆದದ್ದು ಕೆನಡಾದಲ್ಲಾದರೂ ವಿಗ್ಗು, ಉಡುಪು, ನಡಿಗೆ ಸರಿಯಿರಬೇಕೆಂದು ಆಯಾ ಕೆಲಸದಲ್ಲಿ ಪಳಗಿದ ಜಪಾನೀಯರನ್ನೇ ಕರೆಸಿಕೊಂಡರು.

ಇಷ್ಟೆಲ್ಲ ಶ್ರಮದ ಫಲ ಕಾಣಬೇಕಾದರೆ ಮರಿಕೊಳನ್ನು ನೋಡಬೇಕು. ಒಡೆಯ ಮತ್ತು ನಾವಿಕನ ನಡುವೆ ಕಣ್ಣು ತಗ್ಗಿಸಿ ಕೂತ ದುಭಾಷಿ ಆಕೆ. ನಾವಿಕ ಒರಟಾಗಿ ಏನೋ ಅನ್ನುತ್ತಾನೆ. ಆಕೆ ಒಂದು ಕ್ಷಣ ಸುಮ್ಮನಿದ್ದು, ಅದನ್ನು ವಿನಯದ ಮಾತಾಗಿಸಿ ಒಡೆಯನಿಗೆ ಮುಟ್ಟಿಸುತ್ತಾಳೆ. ಎರಡೂ ಕಡೆಯ ಮಾತು ತಿಳಿದ ನಮಗೆ ಅವಳು ಏನನ್ನು ನುಂಗಿಕೊಂಡಳು ಎಂಬುದು ಗೊತ್ತಾಗುತ್ತದೆ. 1980ರ ಪ್ರೇಕ್ಷಕರಿಗೆ ಈ ಸುಖ ಇರಲಿಲ್ಲ. ಮರಿಕೊ ಆದ ಅನ್ನಾ ಸವಾಯ್‌ಗೂ ಸನದಾ ಅವರಿಗೂ ಎಮ್ಮಿ ಪ್ರಶಸ್ತಿ ಬಂತು. ಸರಣಿಗೆ ಒಟ್ಟು 18.

ಇಂಗ್ಲಿಷಿಗೆ ಡಬ್ ಮಾಡಿದ ಆವೃತ್ತಿಯೂ ಸಿಗುತ್ತದೆ. ದಯವಿಟ್ಟು ಅದರ ಗೊಡವೆಗೆ ಹೋಗದೆ, ಅಡಿಬರಹ ಓದುತ್ತ ಜಪಾನಿಯಲ್ಲೇ ನೋಡಿ.