ಮರೆವು ಹೆಚ್ಚಿ ದಿಗಿಲು ಇಳಿಯದ ಕತೆ

ಜಿಕೆವಿಕೆ ಎಂದರೆ ಬೆಂಗಳೂರಿಗರಿಗೆ ನೆನಪಾಗುವುದು ಕೃಷಿ ಮೇಳ. ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿರುವ ಅದೇ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಲ್ಲಿ ಸುಮಂತ್ರ ಚಟ್ಟರ್ಜಿ ತಂಡ ಇಲಿಗಳ ಮಿದುಳಲ್ಲಿ ಒಂದು ವಿಚಿತ್ರ ಕಂಡಿತು.

ಒತ್ತಡ ಮುಂದುವರಿದರೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳು ಮೊಟಕಾಗುತ್ತವೆ ಎಂಬುದು ನ್ಯೂಯಾರ್ಕಿನ ಬ್ರೂಸ್ ಮೆಕ್‌ಇವೆನ್ ಅವರ ಪ್ರಯೋಗಾಲಯದಿಂದ ಆಗಲೇ ಗೊತ್ತಿತ್ತು. ಹೆಚ್ಚಿನವರ ಕಣ್ಣು ಅಲ್ಲೇ ನೆಟ್ಟಿತ್ತು. ಆದರೆ ಒತ್ತಡದಲ್ಲಿ ಬೆಂದವರಿಗೆ ಮರೆವು ಬರುತ್ತದೆಯೇ ಹೊರತು ದಿಗಿಲು ಇಳಿಯುವುದಿಲ್ಲವಲ್ಲ! ಭಯದ ನೆಲೆಯಾದ ಅಮಿಗ್ಡಲದಲ್ಲಿ ಏನಾಗುತ್ತಿದೆ?

ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಹಿಡಿದಿಟ್ಟರು. ಆಮೇಲೆ ಮಿದುಳಿನ ತೆಳು ಹೋಳುಗಳಿಗೆ ಗಾಲ್ಜಿ ಬಣ್ಣ. ಈ ಬಣ್ಣದ ಗುಣವೇ ಬೇರೆ: ಸಾವಿರಾರು ಕೋಶಗಳ ನಡುವೆ ಕೆಲವನ್ನಷ್ಟೇ ಹಿಡಿಯುತ್ತದೆ, ಹಿಡಿದದ್ದನ್ನು ಬುಡದಿಂದ ತುದಿಯವರೆಗೆ ಕಪ್ಪಾಗಿಸುತ್ತದೆ, ಎಲೆ ಉದುರಿದ ಮರದ ಹಾಗೆ. ಒಂದೊಂದೇ ಕವಲನ್ನು ಗುರುತಿಸಿ ಅಳೆಯಬೇಕು, ತಾಳ್ಮೆಯ ಕೆಲಸ. ಹಿಪೊಕ್ಯಾಂಪಸ್‌ನಲ್ಲಿ ನಿರೀಕ್ಷೆಯಂತೆ ಕವಲು ಕುಗ್ಗಿತ್ತು. ಅಮಿಗ್ಡಲದಲ್ಲಿ ಹಬ್ಬಿತ್ತು! ಅಜಯ್ ವ್ಯಾಸ್, ರೂಪ್ಶಿ ಮಿತ್ರಾ, ಬಿ.ಎಸ್. ಶಂಕರನಾರಾಯಣ ರಾವ್ ಜೊತೆಗೂಡಿ ಬರೆದ ಈ ಪ್ರಬಂಧ ಬಂದದ್ದು 2002ರಲ್ಲಿ.

ಕುಗ್ಗಿಸುವುದೂ ಹಬ್ಬಿಸುವುದೂ ಯಾವುದು? ಅನುಮಾನ ಬಿಡಿಎನ್‌ಎಫ್ ಮೇಲೆ ಬಿತ್ತು. ನರಕೋಶಗಳನ್ನು ಪೋಷಿಸಿ ಬೆಳೆಸುವ ಈ ಪ್ರೋಟೀನನ್ನು ಈವ್ ಬಾರ್ಡ್ ಮತ್ತು ಹಾನ್ಸ್ ಥೋನೆನ್ 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದ್ದರು.

ಈ ನಡುವೆ ಸಕ್ಕರೆ ಕಾಯಿಲೆಯ ಕಡೆಯಿಂದಲೂ ಸುಳಿವು ಬಂತು. ಕೊಬ್ಬು, ಸಕ್ಕರೆ ತಿನ್ನಿಸಿ ಇನ್ಸುಲಿನ್ ನಾಟದಂತಾದ ಇಲಿಗಳಲ್ಲಿ ಹಿಪೊಕ್ಯಾಂಪಸ್‌ನ ಬಿಡಿಎನ್‌ಎಫ್ ಇಳಿದು ಕಲಿಕೆ ಮಂಕಾದದ್ದನ್ನು ಅಮೆರಿಕದ ಅಲೆಕ್ಸಿಸ್ ಸ್ಟ್ರಾನಹನ್ ಮತ್ತು ಸಂಗಡಿಗರು 2008ರಲ್ಲಿ ವರದಿ ಮಾಡಿದರು. ಅದೇ ವರ್ಷದ ಅವರ ಇನ್ನೊಂದು ಪ್ರಬಂಧ ಇನ್ನೂ ಸ್ವಾರಸ್ಯದ್ದು: ಮಧುಮೇಹದ ಇಲಿಗಳಲ್ಲಿ ಒತ್ತಡದ ಹಾರ್ಮೋನನ್ನು ಸಹಜ ಮಟ್ಟದಲ್ಲೇ ಕಾಯ್ದರೆ ನೆನಪು ಕೆಡಲಿಲ್ಲ. ಒತ್ತಡದ ದಾರಿಯೂ ಸಕ್ಕರೆಯ ದಾರಿಯೂ ಹಿಪೊಕ್ಯಾಂಪಸ್‌ನಲ್ಲಿ ಕೂಡುತ್ತಿದ್ದವು.

2012ರಲ್ಲಿ ಹರಿಣಿ ಲಕ್ಷ್ಮೀನರಸಿಂಹನ್ ಮತ್ತು ಚಟ್ಟರ್ಜಿ ಎರಡೂ ಕಡೆಯ ಬಿಡಿಎನ್‌ಎಫ್ ಅಳೆದರು. ಒತ್ತಡದಿಂದ ಅದು ಹಿಪೊಕ್ಯಾಂಪಸ್‌ನಲ್ಲಿ ಇಳಿದಿತ್ತು, ಅಮಿಗ್ಡಲದಲ್ಲಿ ಏರಿತ್ತು. ಬಿಡಿಎನ್‌ಎಫ್ ಹೆಚ್ಚಿಸುತ್ತೇವೆಂದು ಮಾತ್ರೆ ಮಾರುವವರು ಎಲ್ಲಿ ಹೆಚ್ಚಿಸುತ್ತಾರೋ ಹೇಳುವುದಿಲ್ಲ. ಇಲಿಗಳಿಗೆ 21 ದಿನ ಬಿಡುವು ಕೊಟ್ಟು ನೋಡಿದಾಗ ಹಿಪೊಕ್ಯಾಂಪಸ್ ಸರಿಹೋಗಿತ್ತು. ಅಮಿಗ್ಡಲದ ಏರಿಕೆ ಮಾತ್ರ ಇಳಿದಿರಲಿಲ್ಲ.