ಲಿಂಗಸುಗೂರಿನ ದಂಡೂ ಕಡಲಾಚೆಯ ಯುದ್ಧವೂ

ರಾಯಚೂರು ದೋಆಬಿನ ಚರಿತ್ರೆಯನ್ನು ಬರೆಯುವವರು ಬಿಜಾಪುರ-ವಿಜಯನಗರಗಳ ಕಾಳಗಗಳಿಗೆ, ವಿಶೇಷವಾಗಿ 1520ರ ರಾಯಚೂರು ಯುದ್ಧಕ್ಕೆ, ಪುಟಗಟ್ಟಲೆ ಮೀಸಲಿಡುವುದು ವಾಡಿಕೆ. ಆದರೆ 1914ರಿಂದ 1918ರವರೆಗೆ ಕಡಲಾಚೆ ನಡೆದ ಮಹಾಯುದ್ಧಕ್ಕೂ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೂ ಏನು ಸಂಬಂಧವೆಂದು ವಿಚಾರಿಸಿದವರು ವಿರಳ. ಈ ಸೀಮೆ ಅಂದು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಿತು. ಆ ಸಂಬಂಧವು ವೀರಗಾಥೆಗಿಂತ ಹೆಚ್ಚಾಗಿ ಕಂದಾಯದ ಲೆಕ್ಕದಲ್ಲಿ ಅಡಗಿದೆಯೆಂಬುದು ನಮ್ಮ ಅಭಿಪ್ರಾಯ.

ಸೈನ್ಯದ ಖರ್ಚಿಗೆ ಈ ನೆಲವನ್ನೇ ಹಿಂದೊಮ್ಮೆ ಒತ್ತೆಯಿಟ್ಟಿದ್ದರೆಂಬುದನ್ನು ಮೊದಲು ನೆನೆಯಬೇಕು. ನಿಜಾಮನ ಹಣದಿಂದ ನಡೆಯುತ್ತಿದ್ದು ಬ್ರಿಟಿಷ್ ಅಧಿಕಾರಿಗಳ ಆಜ್ಞೆಯಲ್ಲಿದ್ದ 'ಹೈದರಾಬಾದ್ ಕಂಟಿಂಜೆಂಟ್' ಎಂಬ ಪಡೆಯ ವೇತನ ಬಾಕಿಬಿದ್ದಾಗ, 1853ರ ಒಪ್ಪಂದದಂತೆ ಬೀರಾರ, ನಳದುರ್ಗ ಸೀಮೆಗಳೊಡನೆ ರಾಯಚೂರು ದೋಆಬೂ ಕಂಪೆನಿಯ ಆಡಳಿತಕ್ಕೆ ಒಳಪಟ್ಟಿತು. ಲಿಂಗಸುಗೂರು ಆ ಪಡೆಯ ಒಂದು ಠಾಣೆ. 1858ರ ಫೆಬ್ರವರಿಯಲ್ಲಿ ಸುರಪುರದ ವೆಂಕಟಪ್ಪನಾಯಕನ ವಿರುದ್ಧ ದಂಡು ನಡೆದುದು ಇಲ್ಲಿಂದಲೇ. 1860ರಲ್ಲಿ ದೋಆಬು ನಿಜಾಮನಿಗೆ ಮರಳಿತು. 1903ರಲ್ಲಿ ಕಂಟಿಂಜೆಂಟು ಭಾರತದ ಬ್ರಿಟಿಷ್ ಸೈನ್ಯದಲ್ಲಿ ಲೀನವಾಯಿತು; 1905ರಲ್ಲಿ ಲಿಂಗಸುಗೂರು ಜಿಲ್ಲೆಯೇ ರದ್ದಾಗಿ ಸಿಂಧನೂರು, ಲಿಂಗಸುಗೂರು ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದವು.

ಮಹಾಯುದ್ಧಕ್ಕೆ ಹೋದ ದಳಗಳಲ್ಲಿ ಎರಡು ಬಗೆಯವನ್ನು ಪ್ರತ್ಯೇಕಿಸಬೇಕು. ಇವನ್ನು ಬೆರೆಸಿ ಬರೆಯುವುದುಂಟು. ಫ್ರಾನ್ಸಿನಲ್ಲಿ ಕಾದಿದ 20ನೆಯ ಡೆಕ್ಕನ್ ಹಾರ್ಸ್ ಹಳೆಯ ಕಂಟಿಂಜೆಂಟಿನ ಅಶ್ವದಳದ ಸಂತತಿ. ಈಜಿಪ್ಟಿಗೆ ಹೋಗಿ ಸೂಯೆಜ್ ಕಾಲುವೆಯನ್ನು ಕಾದ ಹೈದರಾಬಾದ್ ಲ್ಯಾನ್ಸರ್ಸ್ ದಳವಾದರೋ ಸಂಸ್ಥಾನದ ಸ್ವಂತದ್ದು. ಅದು ಮೈಸೂರು, ಜೋಧಪುರದ ಲ್ಯಾನ್ಸರ್ಸ್ ದಳಗಳೊಡನೆ ಒಂದೇ ಬ್ರಿಗೇಡಿನಲ್ಲಿದ್ದಿತು. ಎರಡರ ವೆಚ್ಚಕ್ಕೂ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 60 ಲಕ್ಷ ರೂಪಾಯಿ ನೀಡಲೊಪ್ಪಿದನು. ಎರೆಭೂಮಿಯಲ್ಲಿ ಜೋಳ, ಹತ್ತಿ ಬೆಳೆದು ಮಳೆಯನ್ನೇ ನಂಬಿದ್ದ ಸಿಂಧನೂರಿನ ರೈತನ ಕಂದಾಯವೂ ಸೇರುತ್ತಿದ್ದುದು ಆ ಸಂಸ್ಥಾನದ ಬೊಕ್ಕಸಕ್ಕೇ. (ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದುದು ದಶಕಗಳ ತರುವಾಯ.) ಅವನನ್ನು ಯಾರೂ ಕೇಳಲಿಲ್ಲ, ಕೇಳುವಂತಹ ಚುನಾಯಿತ ಜನಸಭೆ ಸಂಸ್ಥಾನದಲ್ಲಿರಲಿಲ್ಲ.

1914ರ ನವೆಂಬರಿನಲ್ಲಿ ಪ್ರಶ್ನೆ ಜಟಿಲವಾಯಿತು. ತುರ್ಕಿಯ ಸುಲ್ತಾನನು ಬ್ರಿಟನ್ನಿನ ಶತ್ರುಪಕ್ಷವನ್ನು ಸೇರಿ ಧರ್ಮಯುದ್ಧವನ್ನು ಸಾರಿದನು. ಆತನು ಖಲೀಫನೂ ಹೌದು. ಭಾರತದ ಅಸಂಖ್ಯ ಮುಸಲ್ಮಾನರಿಗೆ ಧರ್ಮಗುರುಸ್ಥಾನದಲ್ಲಿದ್ದವನು. ಬ್ರಿಟಿಷರಿಗೆ ನಿಷ್ಠರಾಗಿರುವುದೇ ಕರ್ತವ್ಯವೆಂದು ನಿಜಾಮನು ಮುಸಲ್ಮಾನರಿಗೆ ಪ್ರಕಟಣೆ ಹೊರಡಿಸಿದನು. ಇಂತಹ ಪ್ರಕಟಣೆಯ ಅವಶ್ಯಕತೆ ಕಂಡುಬಂದುದೇ ಪ್ರಜೆಗಳ ಮನಸ್ಸು ಒಡೆದಿದ್ದುದಕ್ಕೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ. ಅಂದಿನ ಮೌನವನ್ನು ಸಮ್ಮತಿಯೆಂದು ಓದುವುದು ಸಾಧುವಲ್ಲ. ತುಂಗಭದ್ರೆಯ ಆಚೆ, ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ, ಸೆರೆಸಿಕ್ಕ ತುರ್ಕರ ಶಿಬಿರವೇ ಇದ್ದಿತು. ದೂರದ ಯುದ್ಧವು ನದಿ ದಾಟಿದರೆ ಕಣ್ಣಿಗೆ ಬೀಳುವಷ್ಟು ಹತ್ತಿರವಾಗಿದ್ದಿತು.

ಲ್ಯಾನ್ಸರ್ಸ್ ದಳವು ಸೂಯೆಜ್ ಬಳಿಯಿದ್ದ 1915ರಲ್ಲಿಯೇ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದನು. 'ದೇವಾನಾಂಪ್ರಿಯ'ನು ಅಶೋಕನೇ ಎಂಬುದನ್ನು ಸ್ಥಿರಪಡಿಸಿದ ಈ ಶಾಸನದಲ್ಲಿ ಕಳಿಂಗ ಯುದ್ಧದ ಮಾತಿಲ್ಲ. ಆ ಪಶ್ಚಾತ್ತಾಪ 13ನೆಯ ಬಂಡೆಶಾಸನದ್ದು. ಎರಡನ್ನೂ ಬೆಸೆದು ಮಸ್ಕಿಯನ್ನು ಯುದ್ಧವಿರೋಧದ ಬಂಡೆಯಾಗಿಸುವುದು ಭಾಷಣಕ್ಕೆ ಸೊಗಸು, ಚರಿತ್ರೆಗೆ ಸಲ್ಲದು.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಕುದುರೆ ನುಗ್ಗಿಸಿದವರು ಜೋಧಪುರ, ಮೈಸೂರುಗಳ ಸವಾರರು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ಮಾತ್ರ ಮೂರನೆಯ ಪ್ರತಿಮೆ ಹೈದರಾಬಾದಿನದು. ನಿಜಾಮನಿಗೆ 'ನಿಷ್ಠಾವಂತ ಮಿತ್ರ'ನೆಂಬ ಬಿರುದು ದೊರೆಯಿತು. ಖಿಲಾಫತ್ ಚಳವಳಿ ಹೈದರಾಬಾದನ್ನೂ ಮುಟ್ಟಿದಾಗ ಸರ್ಕಾರ ಸಭೆಗಳನ್ನು ನಿರ್ಬಂಧಿಸಿತು. 1924ರಲ್ಲಿ ತುರ್ಕಿಯು ಖಿಲಾಫತ್ತನ್ನೇ ರದ್ದುಪಡಿಸಿ ಕೊನೆಯ ಖಲೀಫ ಎರಡನೆಯ ಅಬ್ದುಲ್ ಮಜೀದನನ್ನು ಹೊರಗಟ್ಟಲು, ಅವನಿಗೆ ಮಾಸಾಶನ ಕಟ್ಟಿಕೊಟ್ಟವನು ಇದೇ ನಿಜಾಮ; 1931ರಲ್ಲಿ ಅವನ ಮಗಳನ್ನು ಸೊಸೆಯಾಗಿ ತಂದುಕೊಂಡನು. ಆ ಮಾಸಾಶನದ ಹಣವೂ ಹೈದರಾಬಾದಿನದೇ.