ಕ್ರ್ಯಾಂಕ್ ಪುಲ್ಲಿ: ಬರೀ ಚಕ್ರವಲ್ಲ!

ಇಲ್ಲಿ ಅಮೆರಿಕದಲ್ಲಿ ನಮ್ಮ ಕೆಲವು ಹುಡುಗರಿಗೆ ಹಳೆಯ ಹೋಂಡಾ ಕಾರು ಕೊಂಡು ಎಂಜಿನ್ ಬಿಚ್ಚಿ ಜೋಡಿಸುವ ಹುಚ್ಚು. ಎಂಜಿನ್ ನನ್ನ ಕಸುಬಾದ್ದರಿಂದ, "ಕ್ರ್ಯಾಂಕ್ ಪುಲ್ಲಿ ತೆಗೆದು ಹಗುರವಾದ ಅಲ್ಯೂಮಿನಿಯಂ ಪುಲ್ಲಿ ಹಾಕ್ಲಾ ಅಂಕಲ್?" ಎಂದು ಕೇಳುತ್ತಾರೆ. ಎಂಜಿನ್ ಚುರುಕಾಗಿ ವೇಗ ಹಿಡಿಯುತ್ತದೆ, ನಿಜ. ಆದರೂ ನನ್ನ ಉತ್ತರ: ಬೇಡ.

ನಾಲ್ಕು ಸಿಲಿಂಡರಿನ ಎಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 200 ಸಲ ಇಂಧನ ಉರಿಯುತ್ತದೆ. ಪ್ರತಿ ಹೊಡೆತಕ್ಕೂ ಗಟ್ಟಿ ಲೋಹದ ಕ್ರ್ಯಾಂಕ್‌ಶಾಫ್ಟ್ ಕೂಡ ಚೂರು ತಿರುಚಿ ಮತ್ತೆ ಸರಿಯಾಗುತ್ತದೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದರೂ ಎತ್ತರಕ್ಕೆ ಹೋಗುತ್ತದಲ್ಲವೇ? ಹಾಗೆಯೇ ಕೆಲವು ವೇಗಗಳಲ್ಲಿ ಈ ತಿರುಚಾಟ ಬೆಳೆಯುತ್ತದೆ. ಮೂಲ ಪುಲ್ಲಿಯಲ್ಲಿ ರಬ್ಬರಿನ ಮೇಲೆ ಕೂರಿಸಿದ ಭಾರದ ಉಂಗುರವಿರುತ್ತದೆ. ಅದೇ ಡ್ಯಾಂಪರ್. ಕಂಪನದ ಶಕ್ತಿಯನ್ನು ಅದು ಶಾಖವಾಗಿ ಕರಗಿಸುತ್ತದೆ.

ಮಾರ್ಪಡಿಸಿದ ಎಂಜಿನ್ನನ್ನು 9000 ಆರ್‌ಪಿಎಂವರೆಗೆ ಓಡಿಸಿದರೆ ತಯಾರಕರು ಲೆಕ್ಕ ಹಾಕದ ಕಂಪನಗಳು ಎದುರಾಗಬಹುದು. ಡ್ಯಾಂಪರ್ ಇಲ್ಲದಿದ್ದರೆ ಕ್ರ್ಯಾಂಕಿನಿಂದ ನೇರವಾಗಿ ತಿರುಗುವ ಆಯಿಲ್ ಪಂಪಿನ ಗೇರ್ ಒಡೆದೀತು. ಆಯಿಲ್ ನಿಂತರೆ ಬೇರಿಂಗ್ ಸುಟ್ಟು ಎಂಜಿನ್ನೇ ಹೋದೀತು. ಶಾಫ್ಟೇ ಬಿರುಕು ಬಿಡುವುದೂ ಉಂಟು. ಸೀಟಿನಲ್ಲಿ ಕೂತವರಿಗೆ ಇದರ ಸುಳಿವು ಸಿಗುವುದು ಕಷ್ಟ.

ರೇಸಿಗೆ ಹೋಗುವವರು ತಮ್ಮ ಎಂಜಿನ್ನಿಗೆ ಹೊಂದುವ, ಎಸ್‌ಎಫ್‌ಐ 18.1 ಮುದ್ರೆಯ ಡ್ಯಾಂಪರ್ ಕೊಳ್ಳಲಿ. ಹಳೆಯ ಕಾರಾದರೆ ರಬ್ಬರ್ ಬಿರಿದಿದೆಯೇ ನೋಡಿ, ಬಿರಿದಿದ್ದರೆ ಬದಲಾಯಿಸಿ. ಮಕ್ಕಳ ಹವ್ಯಾಸಕ್ಕೆ ಅಡ್ಡಿ ಬೇಡ. ಡ್ಯಾಂಪರ್ ಮಾತ್ರ ಅಲ್ಲೇ ಇರಲಿ.